ಕೊಟ್ಟವರ ಕೈಗೇ ಮಾಂಗಲ್ಯ

ಮದುವೆಗಳ ಏರ್ಪಾಡು ಮಾಡುವ ನಮ್ಮ ಕಚೇರಿಗೆ, ಮದುವೆಗೆ ಮುನ್ನ ವರ ಬಂದದ್ದು ಒಂದೇ ಸಲ. ಸಾಮಾನ್ಯವಾಗಿ ಹುಡುಗರು ಬಂದರೆ ಫೋಟೋ, ಸಂಗೀತ, ಸ್ನೇಹಿತರು ಉಳಿದುಕೊಳ್ಳುವ ವ್ಯವಸ್ಥೆ ಇವುಗಳನ್ನು ಕುರಿತು ವಿಚಾರಿಸುತ್ತಾರೆ. ಇವರು ಕುರ್ಚಿಯ ತುದಿಯಲ್ಲಿ ಕುಳಿತು, ನಾನು ತೋರಿಸಿದ ಮಂಟಪದ ಮಾದರಿಗಳನ್ನೆಲ್ಲ ತಾಳ್ಮೆಯಿಂದ ನೋಡಿ, ಎಲ್ಲವೂ ಚೆನ್ನಾಗಿವೆಯೆಂದು ಒಪ್ಪಿ, ಕೊನೆಗೆ ತಾವು ಬಂದ ಕಾರಣವನ್ನು ಹೇಳಿದರು.

"ಮಂಟಪಕ್ಕೆ ತಾಳಿ ತರೋದು ನಮ್ಮ ಅತ್ತೆ. ಹಿರಿಯರಿಗೆಲ್ಲ ಮುಟ್ಟಿಸೋದೂ ಅವರೇ. ಅದೊಂದು ಆಗ್ಬೇಕು ಮೇಡಂ. ಉಳಿದದ್ದು ನೀವು ಹೆಂಗೆ ಮಾಡಿದ್ರೂ ಅಡ್ಡಿಲ್ಲೆ."

ತಾಳಿ ಕಟ್ಟುವುದಕ್ಕೆ ಮೊದಲು ಅದನ್ನು ತಟ್ಟೆಯಲ್ಲಿ ಅಕ್ಷತೆಯ ಮೇಲಿರಿಸಿ ಸಭೆಯಲ್ಲಿರುವ ಹಿರಿಯರ ಬಳಿಗೆ ಒಯ್ಯುತ್ತಾರೆ. ಅವರು ಮುಟ್ಟಿ ಹರಸಿದ ಮೇಲೆ ಅದು ಮಂಟಪಕ್ಕೆ ಮರಳುತ್ತದೆ. ಆ ತಟ್ಟೆಯನ್ನು ಹಿಡಿಯುವವರು ಮುತ್ತೈದೆಯಾಗಿರಬೇಕೆಂಬುದು ನಡೆದುಬಂದ ರೂಢಿ. ವರನ ಅತ್ತೆ, ಅಂದರೆ ತಂದೆಯ ತಂಗಿ, ಮದುವೆಯಾದ ಕೆಲವೇ ವರ್ಷಗಳಲ್ಲಿ ಪತಿಯನ್ನು ಕಳೆದುಕೊಂಡು ತವರಿಗೆ ಮರಳಿದವರು. ತಾಯಿ ತೀರಿಕೊಂಡಾಗ ವರ ಇನ್ನೂ ತೊಟ್ಟಿಲಿನ ಮಗು. ಅಂದಿನಿಂದ ಸಾಕಿದವರು ಅತ್ತೆಯೇ.

"ಖಂಡಿತ ಆಗುತ್ತದೆ" ಎಂದು ನಾನು ಹೇಳಿದೆ. ಅವರು ಹೋದ ಮೇಲೆ, ಏತಕ್ಕೆ ಹೇಳಿದೆನೆಂದು ಚಿಂತೆ ಹತ್ತಿತು. ಹೂವು ಬಾಡಿದರೆ ಬೇರೆ ಹೂವನ್ನು ತರಿಸಬಹುದು, ವಿದ್ಯುತ್ ಹೋದರೆ ಜನರೇಟರ್ ಚಾಲೂ ಮಾಡಬಹುದು. ಸಭೆಯಲ್ಲಿ ಕುಳಿತವರ ಕೈ ತಟ್ಟೆಯತ್ತ ಚಾಚುವಂತೆ ಮಾಡುವ ಯಂತ್ರ ನಮ್ಮ ಉಗ್ರಾಣದಲ್ಲಿರಲಿಲ್ಲ. ಮದುವೆ ಮಾಡಿಸಲಿದ್ದ ಪುರೋಹಿತರನ್ನು ಫೋನಿನಲ್ಲಿ ವಿಚಾರಿಸಿದೆ. ಅವರು ನಕ್ಕರು.

"ಶಾಸ್ತ್ರದಲ್ಲಿ ಅಡ್ಡಿ ಎಂತದೂ ಇಲ್ಲ. ಅಡ್ಡಿ ಯಾವಾಗ್ಲೂ ಮೊದಲನೇ ಸಾಲಿನ ಕುರ್ಚಿಲಿ ಕೂತಿರ್ತದೆ."

ವಧುವಿನ ಮನೆ ನರಸಿಂಹರಾಜಪುರ. ವರನ ಮನೆ ಕೆರೆಕಟ್ಟೆಯಿಂದಲೂ ಆಚೆ, ಶೃಂಗೇರಿ ತಾಲ್ಲೂಕಿನ ಅಂಚಿನಲ್ಲಿ. ಇಬ್ಬರಿಗೂ ನಡುವೆ ಬರಲೆಂದು ಕೊಪ್ಪದಲ್ಲಿ ಕಲ್ಯಾಣಮಂಟಪವನ್ನು ಗೊತ್ತುಪಡಿಸಿದ್ದರು. ನಮ್ಮ ಮಾಲೀಕರಿಗೆ ಅದೇ ದಿನ ಶೃಂಗೇರಿಯಲ್ಲಿ ಮತ್ತೊಂದು ಮದುವೆಯಿದ್ದುದರಿಂದ ಈ ಮದುವೆಯ ಸಂಪೂರ್ಣ ಹೊಣೆ ಮೊತ್ತಮೊದಲ ಬಾರಿಗೆ ನನ್ನೊಬ್ಬಳದೇ ಆಯಿತು. ನಮ್ಮ ತಂದೆ ಅಕ್ಕಿ ಗಿರಣಿಯಲ್ಲಿ ದುಡಿಯುವವರು. ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಆದುದರಿಂದಲೋ ಏನೋ, ಯಾರೊಡನೆ ಮಾತನಾಡುವಾಗಲೂ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು, ಸರಿಯಿದೆಯೆಂದು ಖಚಿತವಾದ ಬಳಿಕವೇ ಬಾಯಿ ತೆರೆಯುವುದು ನನ್ನ ಅಭ್ಯಾಸ. ಮದುವೆಯ ದಿನ ಅದಕ್ಕೆ ಪುರಸತ್ತು ಸಿಗುವುದಿಲ್ಲವೆಂಬುದೇ ನನ್ನ ದೊಡ್ಡ ಭಯವಾಗಿತ್ತು.

ನಮ್ಮ ಕೆಲಸದಲ್ಲಿ ದಿನದ ಲೆಕ್ಕವನ್ನು ಮುಹೂರ್ತದಿಂದ ಹಿಂದಕ್ಕೆ ಹಾಕುತ್ತೇವೆ. ಧಾರೆಗೆ ಮೊದಲು ವರಪೂಜೆ, ಅದಕ್ಕೆ ಮೊದಲು ದಿಬ್ಬಣವನ್ನು ಎದುರುಗೊಳ್ಳುವುದು, ಅದಕ್ಕೂ ಮೊದಲು ಉಪಾಹಾರದ ಮೊದಲ ಪಂಕ್ತಿ ಎದ್ದಿರಬೇಕು. ವಧುವಿನ ಜಡೆ ಮುಗಿಯುವುದಕ್ಕೂ ವಾಲಗದವರ ಕಾಫಿ ಮುಗಿಯುವುದಕ್ಕೂ ಸಂಬಂಧವಿದೆಯೆಂದರೆ ಹೊರಗಿನವರು ನಂಬುವುದಿಲ್ಲ. ವರನ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಮನೆಯೊಳಗಿನ ವೈಫೈ ಇದ್ದರೆ ಮಾತ್ರ ಕರೆ ಹೋಗುತ್ತದೆ. ಆದ್ದರಿಂದ ದಿಬ್ಬಣದ ಬಸ್ಸು ಹೊರಟದ್ದು ನಮಗೆ ತಿಳಿಯುವುದು ಅದು ಶೃಂಗೇರಿ ತಲುಪಿದ ಮೇಲೆಯೇ. ಇದನ್ನೂ ಲೆಕ್ಕದಲ್ಲಿ ಸೇರಿಸಿಕೊಂಡಿದ್ದೆ.

ನಾನು ಸೇರಿಸಿಕೊಳ್ಳದೆ ಬಿಟ್ಟದ್ದು ಹೆಜ್ಜೇನನ್ನು. ಬೆಳಗ್ಗೆ ವಿಡಿಯೋದವರು ಡ್ರೋನ್ ಹಾರಿಸಲು ಸಿದ್ಧರಾದಾಗ ಅಡುಗೆಯ ಮುಖ್ಯಸ್ಥರು ಸೌಟನ್ನು ಹಿಡಿದುಕೊಂಡೇ ಅಂಗಳಕ್ಕೆ ಓಡಿಬಂದರು. ಮಂಟಪದ ಹಿಂದಿನ ದೊಡ್ಡ ಮರದಲ್ಲಿ ಮೊರದಗಲದ ಎರಡು ಜೇನುಹುಟ್ಟುಗಳು ತೂಗುತ್ತಿದ್ದವು.

"ಅದನ್ನ ಹಾರಿಸಿದ್ರೆ ಇವತ್ತು ಇಲ್ಲಿ ಮದುವೆ ಅಲ್ಲ, ಓಟದ ಸ್ಪರ್ಧೆ ನಡೀತದೆ!" ಎಂದು ಅವರು ಕೂಗಿದರು.

ವಿಡಿಯೋದವರು ಮುಖ ಸಪ್ಪಗೆ ಮಾಡಿಕೊಂಡು ಡ್ರೋನನ್ನು ಪೆಟ್ಟಿಗೆಗೆ ಸೇರಿಸಿದರು. ಜನರೇಟರಿನ ಹೊಗೆ ಮರದ ಕಡೆಗೆ ಹೋಗದಂತೆ ಅದನ್ನು ಇನ್ನೊಂದು ಮೂಲೆಗೆ ತಳ್ಳಿಸಿದೆ. ದಿನದ ವಿಪತ್ತು ಇಷ್ಟರಲ್ಲೇ ಮುಗಿಯಿತೆಂದು ಭಾವಿಸಿದ್ದರಿಂದ ದಿಬ್ಬಣದ ಬಸ್ಸು ಬರುವ ಹೊತ್ತಿಗೆ ನಾನು ಬಹಳ ಪ್ರಸನ್ನಚಿತ್ತಳಾಗಿದ್ದೆ.

ವಾಲಗದೊಂದಿಗೆ ದಿಬ್ಬಣವನ್ನು ಎದುರುಗೊಂಡು, ಕಾಲಿಗೆ ನೀರು ಕೊಟ್ಟು, ಪಾನಕ ಹಂಚಿ, ಒಳಗೆ ಕರೆತಂದೆವು. ಬಸ್ಸಿನಿಂದ ಮೊದಲು ಇಳಿದವರು ವರನ ದೊಡ್ಡಮ್ಮ. ಆ ಮನೆಯ ಹಿರಿಯ ಸೊಸೆ, ದಪ್ಪ ಅಂಚಿನ ರೇಷ್ಮೆ ಸೀರೆ, ತುಂಬು ಧ್ವನಿ.

"ತಮ್ಮ ಪ್ರಯಾಣ ಸುಖಕರವಾಗಿತ್ತೆಂದು ಭಾವಿಸುತ್ತೇನೆ" ಎಂದು ನಾನು ಸ್ವಾಗತಿಸಿದೆ.

"ಎಂತ ಮಾರಾಯ್ತಿ, ರೇಡಿಯೋದಲ್ಲಿ ವಾರ್ತೆ ಓದ್ದಂಗೆ ಮಾತಾಡ್ತೀಯಲ್ಲ! ಸುಖ ಎಲ್ಲಿಂದ, ಆ ಡ್ರೈವರ್ ಒಂದು ಗುಂಡಿಯನ್ನೂ ಬಿಡ್ಲಿಲ್ಲ." ಆಮೇಲೆ ನನ್ನ ಕೈ ಹಿಡಿದು ಧ್ವನಿಯನ್ನು ತಗ್ಗಿಸಿದರು. "ಅದಿರ್ಲಿ, ತಾಳಿ ತಟ್ಟೆ ನಾನೇ ಹಿಡಿತೆ. ಅವಳಿಗೆ ಯಾಕೆ ಸುಮ್ನೆ ಕಷ್ಟ? ನಾಕು ಜನ ನಾಕು ಮಾತು ಆಡ್ತಾರೆ. ನಮ್ಮ ಮದುವೆ ಮಾಣಿಗೆ ಇದೆಲ್ಲ ಗೊತ್ತಾಗೋದಿಲ್ಲ."

ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. "ವರ ಹೇಳಿದಂತೆ ನಡೆಸಬೇಕಾದ್ದು ನನ್ನ ಕರ್ತವ್ಯ" ಎಂದಷ್ಟೇ ಹೇಳಿದೆ. ಅವರು ಗಲ್ಲವನ್ನು ಒಮ್ಮೆ ಎತ್ತಿ, ಒಳಗೆ ಹೋಗಿ, ಮೊದಲನೆಯ ಸಾಲಿನ ನಡುವಿನ ಕುರ್ಚಿಯಲ್ಲಿ ಕುಳಿತರು.

ಅತ್ತೆ ಬಸ್ಸಿನಿಂದ ಕೊನೆಗೆ ಇಳಿದರು. ತಿಳಿನೀಲಿ ಬಣ್ಣದ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ. ಎಲ್ಲರೂ ಒಳಗೆ ಹೋಗುವವರೆಗೆ ಬಾಗಿಲಿನ ಬಳಿ ಕಾದು, ನಾನೊಬ್ಬಳೇ ಇರುವುದನ್ನು ನೋಡಿಕೊಂಡು ಬಳಿಗೆ ಬಂದರು.

"ಕೂಸೇ, ತಾಳಿ ತರ್ಲಿಲ್ಲೆ."

ನಾನು ಯಾವ ವಾಕ್ಯವನ್ನೂ ಸಿದ್ಧಪಡಿಸಿಕೊಂಡಿರಲಿಲ್ಲ. "ಅಂದರೆ?" ಎಂದೆ.

"ದೇವಸ್ಥಾನದಲ್ಲೇ ಉಳೀತು."

ಅವರು ಹೇಳಿದ್ದು ಇಷ್ಟು. ಆ ಮನೆಯವರು ಮದುವೆಯ ಹಿಂದಿನ ಸಂಜೆ ಮಾಂಗಲ್ಯವನ್ನು ಊರಿನ ಮನೆದೇವರ ಮುಂದೆ ಇರಿಸಿ, ಬೆಳಗಿನ ಪೂಜೆಯಾದ ಮೇಲೆ ಪಡೆಯುತ್ತಾರೆ. ಸಂಜೆ ಅತ್ತೆ ಮತ್ತು ವರ ಇಬ್ಬರೇ ಹೋಗಿ, ವರನ ಒತ್ತಾಯದ ಮೇರೆಗೆ ಅತ್ತೆಯೇ ತಮ್ಮ ಕೈಯಿಂದ ಅದರ ಪೆಟ್ಟಿಗೆಯನ್ನು ದೇವಸ್ಥಾನದ ಭಟ್ಟರಿಗೆ ಕೊಟ್ಟಿದ್ದರು. ಬೆಳಗ್ಗೆ ದಿಬ್ಬಣದ ಬಸ್ಸು ಅಲ್ಲಿ ನಿಂತಾಗ ಮಾತ್ರ ನೆಂಟರೆಲ್ಲ ಇದ್ದರು. ಶುಭಕಾರ್ಯದ ದಿನ ನಾಲ್ಕು ಜನರ ಎದುರು ಮುಂದೆ ಹೋಗುವುದು ಬೇಡವೆಂದು ಅತ್ತೆ ಎಂದಿನಂತೆ ಹೊರಗಿನ ಜಗಲಿಯಲ್ಲೇ ನಿಂತರು. ಒಳಗೆ ಪೂಜೆಯಾಗಿ, ಭಟ್ಟರು ಪ್ರಸಾದದ ತಟ್ಟೆಯನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ಅದರಲ್ಲಿ ಹೂವು, ಕಾಯಿ, ಹಣ್ಣು ಎಲ್ಲವೂ ಇದ್ದವು. ಪೆಟ್ಟಿಗೆಯೂ ಅದರಲ್ಲಿಯೇ ಇದೆಯೆಂದು ಅತ್ತೆ ತಿಳಿದರು. ಬಸ್ಸು ಹರಿಹರಪುರವನ್ನು ದಾಟಿದ ಮೇಲೆ ತಟ್ಟೆ ಇವರ ಮಡಿಲಿಗೆ ಬಂದಾಗ ಹೂವಿನಡಿಯಲ್ಲಿ ಹುಡುಕಿದರೆ, ಪೆಟ್ಟಿಗೆಯಿಲ್ಲ.

"ಯಾರಿಗಾದರೂ ಹೇಳಿದಿರಾ?"

"ಯಾರಿಗೆ ಹೇಳ್ಲಿ?" ಅವರ ಧ್ವನಿ ತೀರಾ ಸಣ್ಣದಾಯಿತು. "ಅಂಥವಳ ಕೈಗೆ ತಾಳಿ ಕೊಟ್ರೆ ಹಿಂಗೇ ಆಗೋದು ಅಂತಾರೆ. ನನಗೆ ಅಂದ್ರೆ ಅನ್ಲಿ, ಅಭ್ಯಾಸ ಇದೆ. ನಾಳೆ ಆ ಮಕ್ಕಳಿಗೆ ಒಂದು ಜ್ವರ ಬಂದ್ರೂ ಇದನ್ನೇ ಎತ್ತಿ ಆಡ್ತಾರಲ್ಲ, ಅದಕ್ಕೆ ಎಂತ ಮಾಡೋದು?"

ಮುಹೂರ್ತಕ್ಕೆ ಇನ್ನೂ ಸಮಯವಿತ್ತು. ಕೊಪ್ಪದಿಂದ ಅಲ್ಲಿಗೆ ಹೋಗಿ ಮರಳಿ ಬರುವಷ್ಟಿರಲಿಲ್ಲ. ಅಲ್ಲಿಂದ ವಸ್ತು ತಕ್ಷಣವೇ ಹೊರಟರೆ ಇಲ್ಲಿಗೆ ತಲುಪುವಷ್ಟು, ಅದೂ ಕಷ್ಟದಿಂದ, ಇತ್ತು. ಅತ್ತೆಯನ್ನು ಉಗ್ರಾಣದ ಕೋಣೆಗೆ ಕರೆದೊಯ್ದು, ಬಾಳೆಎಲೆಯ ಕಟ್ಟುಗಳ ನಡುವೆ ಕುಳ್ಳಿರಿಸಿ, ದೇವಸ್ಥಾನದ ಭಟ್ಟರ ಮನೆಗೆ ಕರೆ ಮಾಡಿದೆ. ಪುಣ್ಯಕ್ಕೆ ಅವರು ಪೂಜೆ ಮುಗಿಸಿ ಮನೆಗೆ ಬಂದಿದ್ದರು.

"ಪೆಟ್ಟಿಗೆ ನನ್ನ ಹತ್ರವೇ ಇದೆ" ಎಂದರು ಭಟ್ಟರು. "ಕೊಡ್ಬೇಕು ಅಂತ ಕೈಲಿ ಹಿಡ್ಕಂಡೇ ನಿಂತಿದ್ದೆ. ಕೊಟ್ಟವರು ಬಂದು ಕೇಳ್ಲೇ ಇಲ್ಲ. ಬಸ್ಸು ಹೋಗೇ ಹೋಯ್ತು."

"ಪ್ರಸಾದದ ತಟ್ಟೆಯಲ್ಲಿ ಇರಿಸಬಹುದಿತ್ತಲ್ಲವೇ?"

"ಅದು ಹೆಂಗಾಗ್ತದೆ? ದೇವರ ಹತ್ರ ಇಡ್ಲಿಕ್ಕೆ ಕೊಟ್ಟ ವಸ್ತು. ಕೊಟ್ಟವರ ಕೈಗೇ ವಾಪಸ್ ಹೋಗ್ಬೇಕು. ನನ್ನ ಅಪ್ಪನ ಕಾಲದಿಂದ್ಲೂ ಹಂಗೇ."

ಹೀಗೆ, ಒಬ್ಬರು ಮರ್ಯಾದೆಗೆ ಅಂಜಿ ಮುಂದೆ ಹೋಗಿ ಕೇಳಲಿಲ್ಲ. ಇನ್ನೊಬ್ಬರು ನಿಯಮಕ್ಕೆ ಅಂಜಿ ಕೇಳದೆ ಕೊಡಲಿಲ್ಲ. ಯಾರನ್ನು ದೂರಬೇಕೆಂದು ನನಗೆ ತಿಳಿಯಲಿಲ್ಲ. ಆ ಊರಿನ ಯಾರಾದರೂ ಜೀಪಿನವರ ಕೈಯಲ್ಲಿ ಕಳುಹಿಸಿಕೊಡಿ ಎಂದು ವಿನಂತಿಸಿದೆ. ಭಟ್ಟರು ಒಪ್ಪಲಿಲ್ಲ. ನಾನು ಇನ್ನೂ ವಿನಯದಿಂದ, ಇನ್ನೂ ಉದ್ದವಾದ ವಾಕ್ಯದಲ್ಲಿ ಮತ್ತೊಮ್ಮೆ ವಿನಂತಿಸಿದೆ. ಅವರು ಅಷ್ಟೇ ವಿನಯದಿಂದ ಮತ್ತೊಮ್ಮೆ ಒಪ್ಪಲಿಲ್ಲ. ಆಗ ಅತ್ತೆ ಎದ್ದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಭಟ್ರೇ, ಕೊಟ್ಟದ್ದು ನಾನು. ಈಗ ಕೇಳ್ತಾ ಇರೋದೂ ನಾನೇ. ನೀವೇ ತಗಂಡು ಬನ್ನಿ."

"ಹೊರಟೆ" ಎಂದರು ಭಟ್ಟರು.

ಭಟ್ಟರು ತಮ್ಮ ಸ್ಕೂಟರನ್ನು ಶೃಂಗೇರಿಯಿಂದಾಚೆಗೆ ಓಡಿಸುವವರಲ್ಲ. ಆದ್ದರಿಂದ ನಮ್ಮ ಜೀಪು ಕೊಪ್ಪದಿಂದ ಹೊರಟು ಶೃಂಗೇರಿಯ ಬಸ್ ನಿಲ್ದಾಣದಲ್ಲಿ ಅವರನ್ನು ಹತ್ತಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಬಂದವರು ಮಂಟಪದ ಹಿಂಬಾಗಿಲಿನ ಬಳಿ ಇಳಿದು ಪೆಟ್ಟಿಗೆಯನ್ನು ಸದ್ದಿಲ್ಲದೆ ಒಪ್ಪಿಸಬೇಕೆಂದೂ ನಾನು ಸ್ಪಷ್ಟವಾಗಿ ತಿಳಿಸಿದೆ. ಜೀಪನ್ನು ಕಳುಹಿಸಿ, ಮುಖವನ್ನು ತೊಳೆದುಕೊಂಡು, ವರಪೂಜೆಯ ವ್ಯವಸ್ಥೆಗೆ ಮರಳಿದೆ. ಪಾತ್ರೆ, ಪಂಚೆ, ಹಾಲು, ಹಣ್ಣು ಎಲ್ಲವೂ ಸರಿಯಿದ್ದವು. ನಗುವುದೊಂದು ಕಷ್ಟವಾಯಿತು, ಅದನ್ನೂ ಮಾಡಿದೆ.

ವರಪೂಜೆ ಮುಗಿಯುವ ಹೊತ್ತಿಗೆ ಜೀಪಿನ ಚಾಲಕರ ಕರೆ ಬಂತು.

"ಮೇಡಂ, ಭಟ್ರು ಇಲ್ಲ ಇಲ್ಲಿ. ಸ್ಕೂಟರ್ ಒಂದೇ ನಿಂತದೆ."

"ಸರಿಯಾಗಿ ನೋಡಿದಿರಾ?"

"ಹೋಟ್ಲು ಒಳಗೂ ನೋಡ್ದೆ. ಸ್ಕೂಟರ್ ಮೇಲೆ ಹೆಲ್ಮೆಟ್ ಇದೆ, ಭಟ್ರು ಇಲ್ಲ."

ಭಟ್ಟರ ಮೊಬೈಲಿಗೆ ಕರೆ ಮಾಡಿದರೆ ಅವರ ಮನೆಯಾಕೆ ಎತ್ತಿದರು. ಮನೆಯಿಂದ ಹೊರಗೆ ಅದು ಕೆಲಸಕ್ಕೆ ಬರುವುದಿಲ್ಲವೆಂದು ಭಟ್ಟರು ಅದನ್ನು ಬಿಟ್ಟೇ ಹೋಗಿದ್ದರು. ಈಗ ಮಾಂಗಲ್ಯ ಎಲ್ಲಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಸ್ವಲ್ಪ ಕಾದು ನೋಡುವಂತೆ ಚಾಲಕರಿಗೆ ಹೇಳಿದೆ.

ಉಗ್ರಾಣಕ್ಕೆ ಹೋಗಿ ಅತ್ತೆಯವರಿಗೆ ವಿಷಯವನ್ನು ತಿಳಿಸಿ, ಪೇಟೆಯ ಚಿನ್ನದಂಗಡಿಯಿಂದ ಅದೇ ಮಾದರಿಯ ತಾಳಿಯನ್ನು ತರಿಸಬಹುದೆಂಬ ಸಲಹೆಯನ್ನೂ ಕೊಟ್ಟೆ. ಯಾರಿಗೂ ಸಂಶಯ ಬಾರದು ಎಂದೆ. ಅವರು ನನ್ನನ್ನೇ ನೋಡಿದರು.

"ಯಾವುದೋ ತಾಳಿ ತಂದು, ದೇವರ ಮುಂದೆ ಇಟ್ಟದ್ದು ಇದೇ ಅಂತ ಅಷ್ಟೂ ಹಿರಿಯರ ಕೈಲಿ ಮುಟ್ಟಿಸೋದಾ? ಬೇಡ ಕೂಸೇ. ಅದಕ್ಕಿಂತ ಅತ್ತಿಗೆ ಬೈದದ್ದೇ ವಾಸಿ."

ಅಲ್ಲಿಂದ ಪುರೋಹಿತರ ಬಳಿಗೆ ಹೋದೆ. ಅವರು ಮಂಟಪದಲ್ಲಿ ಕಲಶಕ್ಕೆ ದಾರ ಸುತ್ತುತ್ತಿದ್ದರು. ಕಿವಿಯ ಬಳಿ ಬಾಗಿ, ಮಾಂಗಲ್ಯ ತಡವಾದರೆ ಏನು ಗತಿಯೆಂದು ಕೇಳಿದೆ. ಅವರು ದಾರ ಸುತ್ತುವುದನ್ನು ನಿಲ್ಲಿಸದೆಯೇ ಉತ್ತರಿಸಿದರು.

"ಅರಿಶಿನದ ಕೊಂಬು ಇಲ್ವಾ? ದಾರಕ್ಕೆ ಅರಿಶಿನ ಹಚ್ಚಿ ಕೊಂಬು ಕಟ್ಟಿದ್ರೆ ಅದೂ ಮಾಂಗಲ್ಯವೇ. ಚಿನ್ನ ನಾವು ಆಮೇಲೆ ಕಲಿತದ್ದು. ಆದ್ರೆ ಚಿನ್ನ ಎಲ್ಲಿ ಅಂತ ಜನ ನನ್ನ ಕೇಳೋದಿಲ್ಲ, ನಿಮ್ಮನ್ನ ಕೇಳ್ತಾರೆ."

ಬಾಗಿನಕ್ಕೆಂದು ತರಿಸಿದ್ದ ಸಾಮಗ್ರಿಯಲ್ಲಿ ಅರಿಶಿನದ ಕೊಂಬುಗಳಿದ್ದವು. ಚೆಂದದ ಒಂದನ್ನು ಆರಿಸಿಕೊಂಡೆ. ಶಾಸ್ತ್ರದ ತೊಡಕು ಅಲ್ಲಿಗೆ ಮುಗಿಯಿತು. ಜನ ಕೇಳುವ ಪ್ರಶ್ನೆ ಉಳಿಯಿತು.

ವಧುವಿಗೆ ಮದುವೆಯ ದಿನ ಯಾವ ತೊಂದರೆಯನ್ನೂ ತಿಳಿಸಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಮಂಟಪಕ್ಕೆ ಬೆಂಕಿ ಬಿದ್ದರೂ ವಧುವಿಗೆ ಅದು ಆರತಿಯಂತೆ ಕಾಣಬೇಕೆಂದು ನಮ್ಮ ಮಾಲೀಕರು ಹೇಳುತ್ತಾರೆ. ಆ ಪಾಠವನ್ನು ನಾನು ಅಕ್ಷರಶಃ ಪಾಲಿಸುತ್ತಿದ್ದೆ. ಆದರೆ ಕೊಂಬನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿನ ಬಳಿ ನಿಂತಾಗ, ಇದು ಯಾರ ಕೊರಳಿಗೆ ಹೋಗುತ್ತದೆಯೋ ಅವರೊಬ್ಬರಿಗೆ ತಿಳಿಯದಂತೆ ಕಟ್ಟಿಸುವುದು ಸರಿಯಲ್ಲವೆಂದು ತೋರಿತು. ಮಾಲೀಕರಿಗೆ ಕರೆ ಮಾಡಿ ಕೇಳಬಹುದಿತ್ತು. ಕೇಳಿದ್ದರೆ ಬೇಡವೆನ್ನುತ್ತಿದ್ದರು. ಆದ್ದರಿಂದ ಕೇಳದೆಯೇ ವಧುವಿನ ಕೋಣೆಯ ಬಾಗಿಲನ್ನು ತಟ್ಟಿದೆ.

ವಧು ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಜಡೆಗೆ ಹೂವು ಚುಚ್ಚಿಸಿಕೊಳ್ಳುತ್ತ, ಕುತ್ತಿಗೆ ತಿರುಗಿಸಲಾರದೆ ಕನ್ನಡಿಯಲ್ಲಿಯೇ ನನ್ನನ್ನು ನೋಡಿದರು. ಅಲಂಕಾರದವರನ್ನು ಹೊರಗೆ ಕಳುಹಿಸಿ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ ಉಸಿರು ಬಿಟ್ಟರು.

"ಅಯ್ಯೋ, ಅಷ್ಟೇ ಅಲ್ದಾ? ನಿಮ್ಮ ಮುಖ ನೋಡಿ ಹುಡುಗನೇ ಬಂದಿಲ್ಲ ಅಂದ್ಕಂಡೆ!"

ನನಗೆ ನಗು ಬಂತೋ ಅಳು ಬಂತೋ ಸ್ಪಷ್ಟವಿಲ್ಲ.

"ಅತ್ತೆ ಅರಿಶಿನದ ಕೊಂಬನ್ನೇ ತಟ್ಟೇಲಿಟ್ಟು ತರ್ಲಿ" ಎಂದರು ವಧು. "ಯಾರಾದ್ರೂ ಕೇಳಿದ್ರೆ, ಮೊದಲು ಕೊಂಬು ಕಟ್ಟಿಸ್ಕಳ್ಳೋದು ಹುಡುಗಿ ಆಸೆ ಅಂತ ಹೇಳಿ. ನನ್ನ ಹೆಸರೇ ಹಾಕಿ."

"ಎಂಥ ಆಸೆ?" ಎನ್ನುತ್ತ ಅಷ್ಟರಲ್ಲಿ ವಧುವಿನ ತಾಯಿ ಒಳಗೆ ಬಂದರು. ಮಗಳು ಕಣ್ಣು ಮಿಟುಕಿಸದೆ ತನ್ನ ಆಸೆಯನ್ನು ಹೇಳಿದರು. ತಾಯಿ ಸೊಂಟಕ್ಕೆ ಕೈಯಿಟ್ಟರು.

"ಗಂಡಿನ ಮನೆಯವರು ಚಿನ್ನದ ತಾಳಿ ಮಾಡ್ಸಿಟ್ಟಿರುವಾಗ ಅರಿಶಿನದ ಕೊಂಬಾ? ಯಾವ ಮೊಬೈಲಲ್ಲಿ ನೋಡ್ದೆ ಈ ಹುಚ್ಚು?"

"ಅಮ್ಮ, ಇದೊಂದು ಕೇಳ್ತೀನಿ ಅಷ್ಟೆ."

"ರೇಷ್ಮೆ ಸೀರೆ ಬಣ್ಣಕ್ಕೂ ಹಂಗೇ ಅಂದಿದ್ದೆ, ಇದೊಂದು ಕೇಳ್ತೀನಿ ಅಂತ" ಎಂದು ಗೊಣಗುತ್ತ ತಾಯಿ ಹೊರಗೆ ಹೋದರು. ಕೇಳಿದಂತೆಯೂ ಆಯಿತು, ಒಪ್ಪಿದಂತೆಯೂ ಆಯಿತು.

ಉಗ್ರಾಣದಲ್ಲಿ ಅತ್ತೆ ಇನ್ನೂ ಬಾಳೆಎಲೆಗಳ ನಡುವೆಯೇ ಇದ್ದರು. ವಧುವಿಗೆ ಹೇಳಿದೆನೆಂದಾಗ ಅವರು ಥಟ್ಟನೆ ಎದ್ದು ನಿಂತರು.

"ಎಂತ ಹೇಳ್ತು ಕೂಸು?"

ಹುಡುಗನೇ ಬಂದಿಲ್ಲವೆಂದು ತಿಳಿದ ಮಾತನ್ನು ಇದ್ದಂತೆಯೇ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ಕೈಯಿಂದ ಕೊಂಬನ್ನು ಪಡೆದು, ದಾರಕ್ಕೆ ಅರಿಶಿನವನ್ನು ಹಚ್ಚಿ, ತಾವೇ ಬಿಗಿಯಾಗಿ ಕಟ್ಟಿದರು.

ಧಾರೆ ಆರಂಭವಾಯಿತು. ಪುರೋಹಿತರು ನನ್ನತ್ತ ಒಮ್ಮೆ ನೋಡಿ, ಎಂದಿಗಿಂತ ನಿಧಾನವಾಗಿ, ಪ್ರತಿಯೊಂದು ಮಂತ್ರವನ್ನೂ ಬಿಡಿಸಿ ಬಿಡಿಸಿ ಹೇಳತೊಡಗಿದರು. ಶೃಂಗೇರಿಯಲ್ಲಿ ಕಾದು ಸೋತ ಚಾಲಕರು ಬರಿಯ ಜೀಪಿನೊಂದಿಗೆ ಹಿಂದಿರುಗುತ್ತಿದ್ದರು. ಕೊನೆಯ ಆಸೆಯಿಂದ ನಾನು ಹಿಂಬಾಗಿಲಿನಲ್ಲಿ ನಿಂತಿದ್ದೆ. ಸಾರಿನ ಹಂಡೆಗಳನ್ನು ಬಿಟ್ಟರೆ ಅಲ್ಲಿಗೆ ಯಾರೂ ಬರಲಿಲ್ಲ.

ಆಗ ಮುಂಭಾಗದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮದುವೆಯ ಬಸ್ಸಿನದಲ್ಲ, ಊರೂರು ತಿರುಗುವ ಖಾಸಗಿ ಬಸ್ಸಿನ ಉದ್ದನೆಯ ಹಾರ್ನ್. ನಾನು ಊಟದ ಸಾಲುಗಳ ನಡುವೆ ಓಡಿ ಸಭಾಂಗಣವನ್ನು ತಲುಪುವ ಹೊತ್ತಿಗೆ ಗೇಟಿನೆದುರು ಪ್ರಯಾಣಿಕರ ಸಮೇತ ಬಸ್ಸು ನಿಂತಿತ್ತು. ಕಿಟಕಿಗಳಲ್ಲೆಲ್ಲ ತಲೆಗಳು. ಶೃಂಗೇರಿಯಲ್ಲಿ ಜೀಪು ಬರುವುದಕ್ಕೆ ಮುನ್ನ ಕೊಪ್ಪದ ಬಸ್ಸು ಹೊರಟು ನಿಂತಿದ್ದನ್ನು ಕಂಡು ಭಟ್ಟರು ಅದನ್ನೇ ಹತ್ತಿಬಿಟ್ಟಿದ್ದರು. ವಿಷಯವನ್ನು ತಿಳಿದ ನಿರ್ವಾಹಕರು ನಿಲ್ದಾಣಕ್ಕೂ ಹೋಗದೆ ಬಸ್ಸನ್ನು ನೇರವಾಗಿ ಕಲ್ಯಾಣಮಂಟಪಕ್ಕೇ ತಂದಿದ್ದರು.

ಭಟ್ಟರು, ಪೆಟ್ಟಿಗೆಯನ್ನು ಎರಡೂ ಕೈಗಳಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಮುಂಬಾಗಿಲಿನಿಂದ, ಸಭೆಯ ನಟ್ಟನಡುವಿನ ದಾರಿಯಲ್ಲಿ ನಡೆದು ಬರುತ್ತಿದ್ದರು. ನಾನು ಅಡ್ಡ ಹೋಗಿ, ಹಿಂಬಾಗಿಲಿಗೆ ಬರಬೇಕೆಂದು ವಿನಂತಿಸಿದ್ದೆನಲ್ಲ ಎಂದು ಪಿಸುಗುಟ್ಟಿದೆ.

"ದೇವರ ಮುಂದಿದ್ದ ವಸ್ತು ಅಡುಗೆಮನೆ ಬಾಗಿಲಲ್ಲಿ ಬರ್ತದೇನಮ್ಮಾ?" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. "ಎಲ್ಲಿ, ಕೊಟ್ಟವರು?"

ಅತ್ತೆ ಅರಿಶಿನದ ಕೊಂಬಿನ ತಟ್ಟೆಯನ್ನು ಹಿಡಿದು ಮಂಟಪದ ಮೆಟ್ಟಿಲನ್ನು ಇಳಿಯುವುದರಲ್ಲಿದ್ದರು. ಅಲ್ಲಿಯೇ ನಿಂತರು. ಪುರೋಹಿತರ ಮಂತ್ರ ನಿಂತಿತು. ವಾಲಗದವರು ಏನೂ ತಿಳಿಯದೆ ಒಮ್ಮೆ ಗಟ್ಟಿಮೇಳ ಬಾರಿಸಿ, ತಪ್ಪೆಂದು ಅರಿತು ಅವರೂ ನಿಲ್ಲಿಸಿದರು.

ಮೊದಲನೆಯ ಸಾಲಿನಿಂದ ದೊಡ್ಡಮ್ಮ ಕೇಳಿದರು. "ಎಂತ ಭಟ್ರೇ ಅದು?"

"ತಾಳಿ. ನಿಮ್ಮ ಮನೇದೇ."

"ತಾಳಿ ಅಲ್ಲೇ ಉಳಿದಿತ್ತಾ?"

ಸಭೆಯಲ್ಲಿ ಗುಜುಗುಜು ಎದ್ದಿತು. ಅಂತರಪಟದ ಆಚೆಯಿಂದ ವಧು, ಕೊಂಬು ತನ್ನ ಆಸೆಯೆಂದು ಏನನ್ನೋ ಹೇಳಲು ಆರಂಭಿಸಿದರು. "ನೀನು ಸುಮ್ನಿರು, ಎಲ್ಲ ಗೊತ್ತಾಯ್ತು" ಎಂದು ಅವರ ತಾಯಿ ಅಲ್ಲಿಯೇ ತಡೆದರು.

ಅತ್ತೆ ಮೆಟ್ಟಿಲನ್ನು ಇಳಿದು ಬಂದರು.

"ಉಳಿದಿತ್ತು ಅತ್ತಿಗೆ. ಜಗಲಿ ದಾಟಿ ಒಳಗೆ ಬಂದು ನಾನು ಕೇಳಿ ತಗಳ್ಬೇಕಿತ್ತು. ನೀವೆಲ್ಲ ಇದ್ರಿ ಅಂತ ಬರ್ಲಿಲ್ಲ."

ಭಟ್ಟರಿಗೆ ಇವು ಯಾವುವೂ ಸಂಬಂಧಪಟ್ಟಂತೆ ತೋರಲಿಲ್ಲ. "ಬಲಗೈ ನೀಡಿ" ಎಂದು ಪೆಟ್ಟಿಗೆಯನ್ನು ಅತ್ತೆಯ ಅಂಗೈಯ ಮೇಲಿಟ್ಟು, "ನೀವು ಕೊಟ್ಟದ್ದು, ನಿಮ್ಮ ಕೈಗೇ ಬಂತು. ನನ್ನ ಋಣ ತೀರ್ತು" ಎಂದರು. ಇಷ್ಟು ಹೇಳಿ, ಎಲ್ಲಿ ಕುಳಿತುಕೊಳ್ಳಲಿ ಎನ್ನುವಂತೆ ನನ್ನನ್ನು ನೋಡಿದರು.

ಅತ್ತೆ ತಾಳಿಯನ್ನು ತೆಗೆದು ಅಕ್ಷತೆಯ ಮೇಲೆ, ಅರಿಶಿನದ ಕೊಂಬಿನ ಪಕ್ಕದಲ್ಲಿರಿಸಿದರು. ತಟ್ಟೆಯನ್ನು ಎತ್ತಿ ಹಿಡಿದರು. ಯಾರ ಕೈಯೂ ಅದರತ್ತ ಚಾಚಲಿಲ್ಲ. ಆಮೇಲೆ ವಧುವಿನ ತಾಯಿ ಸರಸರನೆ ಮಂಟಪದಿಂದ ಇಳಿದು ಬಂದು, ಎರಡನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು, "ನನ್ನ ಮಗಳು ಇಷ್ಟು ಸುಳ್ಳು ಹೇಳ್ತಾಳೆ ಅಂತ ಇವತ್ತೇ ಗೊತ್ತಾದ್ದು" ಎಂದರು. ನಗು ಎದ್ದಿತು. ವಧುವಿನ ಕಡೆಯ ಹಿರಿಯರೊಬ್ಬರು ಕೈ ಚಾಚಿದರು, ಅವರ ಪಕ್ಕದವರೂ ಚಾಚಿದರು.

ಅತ್ತೆ ವರನ ಕಡೆಯ ಸಾಲಿಗೆ ಬಂದರು. ನಡುವಿನ ಕುರ್ಚಿಯ ಹತ್ತಿರ ಬಂದಾಗ ಅವರ ಹೆಜ್ಜೆ ಸಣ್ಣದಾಯಿತು. ಮುಟ್ಟಲು ಒಲ್ಲದವರನ್ನು ಮುಜುಗರಕ್ಕೆ ಈಡುಮಾಡಬಾರದೆಂಬಂತೆ, ತಲೆ ತಗ್ಗಿಸಿ, ತಟ್ಟೆಯನ್ನು ತುಸು ತಮ್ಮ ಕಡೆಗೆ ಎಳೆದುಕೊಂಡು, ದೊಡ್ಡಮ್ಮನನ್ನು ದಾಟಿ ಮುಂದಿನ ಕುರ್ಚಿಗೆ ಹೋದರು.

"ಏ, ನಿಲ್ಲೇ!"

ಅತ್ತೆ ನಿಂತರು.

"ಎಲ್ಲಿಗೆ ದಾಟಿ ಹೋಗ್ತಿದ್ದೆ? ಮನೆಗೆ ಹಿರಿಯಳು ನಾನು ಇಲ್ಲಿ ಕಂಬದಂಗೆ ಕೂತಿದ್ದೀನಿ, ಕಾಣೋದಿಲ್ವಾ? ಅವರಿವರಿಗೆಲ್ಲ ಮುಟ್ಟಿಸ್ತೀಯ, ನಾನೆಂತ ಬಾಡಿಗೆಗೆ ಬಂದವಳಾ?" ದೊಡ್ಡಮ್ಮ ಎದ್ದೇ ನಿಂತಿದ್ದರು. ತಟ್ಟೆಯ ಅಂಚನ್ನು ಹಿಡಿದು ತಮ್ಮ ಕಡೆಗೆ ಎಳೆದುಕೊಂಡು ತಾಳಿಯನ್ನು ಮುಟ್ಟಿದರು, ಕೊಂಬನ್ನು ಮುಟ್ಟಿದರು. ಬಿಡುವ ಮೊದಲು ಅತ್ತೆಯ ಮುಖವನ್ನು ನೋಡದೆ, ತಟ್ಟೆಗೇ ಹೇಳುವಂತೆ ಹೇಳಿದರು. "ಬೆಳಗ್ಗೆ ಒಂದು ಮಾತು ಕರೆದಿದ್ರೆ ನಾನೇ ಕೈ ಹಿಡಿದು ಒಳಗೆ ಕರ್ಕಂಡು ಹೋಗ್ತಿದ್ದೆ ಅಲ್ದಾ?"

ಹೋಗುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಆದರೆ ಹಾಗೆ ಹೇಳಿದ್ದನ್ನು ಇಡೀ ಸಭೆ ಕೇಳಿತು. ಹಿಂದಿನ ಸಾಲಿನ ಹೆಂಗಸರು ತಮ್ಮ ಸರದಿ ತಪ್ಪೀತೆಂದು ಕುರ್ಚಿಗಳನ್ನು ಬಿಟ್ಟು ಮುಂದಕ್ಕೆ ಬರತೊಡಗಿದರು. ಅವರನ್ನು ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ನಾನು ಓಡಿದೆ.

ಮಂಟಪದಿಂದ ಪುರೋಹಿತರು ಕೂಗಿದರು. "ಬೇಗ ಬನ್ನಿ ಅಮ್ಮಾ, ಲಗ್ನ ಮೀರ್ತದೆ! ಸಾಕು, ಸಾಕು!"

ಅತ್ತೆ ತಿರುಗಿಯೂ ನೋಡಲಿಲ್ಲ.

"ತಡೀರಿ ಪುರೋಹಿತರೇ" ಎಂದರು, ದೊಡ್ಡಮ್ಮನ ಧ್ವನಿಯಷ್ಟೇ ತುಂಬು ಧ್ವನಿಯಲ್ಲಿ. "ಇನ್ನೂ ಹಿಂದಿನ ಸಾಲು ಬಾಕಿ ಇದೆ."